ಬ್ಯಾರನ್ನಿನ ಮೇಲೆ ಬಿದ್ದ ಹಿಮ

ಮೊನ್ನೆ ಚಳಿ ಜಾಸ್ತಿಯಾಯಿತೆಂದು ನನ್ನ ಹೆಂಡತಿ ಬೀರುವಿನ ತಳದಿಂದ ಹಳೆಯ ಕಂದು ಸ್ವೆಟರೊಂದನ್ನು ಎಳೆದು ನನ್ನತ್ತ ಎಸೆದಳು. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅವಳಿಗೆ ಸೀನು ಬಂತು. ನನಗೆ ಸ್ವೆಟರಕ್ಕನ ನೆನಪು ಬಂತು...

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ. ಅದರ ಎದುರಿನ ಕಾಂಪೌಂಡ್ ಗೋಡೆಗೆ ಹಗ್ಗ ಕಟ್ಟಿ, ಪ್ರತಿ ಚಳಿಗಾಲ ಸ್ವೆಟರು, ಮಫ್ಲರು, ಮಂಕಿ ಕ್ಯಾಪು ನೇತುಹಾಕಿ ಮಾರುತ್ತಿದ್ದವರು ಅವರು. ಊರಾಚೆಯ ಟಿಬೆಟಿಯನ್ ಕ್ಯಾಂಪಿನವರು. ಅಲ್ಲೇ ಮುಸುಕಿನ ಜೋಳದ ಹೊಲಗಳ ನಡುವೆ ಹುಟ್ಟಿ ಬೆಳೆದವರು. ಮುಖ ನೋಡಿ ಹಿಂದಿಯಲ್ಲಿ ಚೌಕಾಸಿಗಿಳಿದವರಿಗೆ "ಕನ್ನಡ್ದಲ್ಲೇ ಕೇಳಿ ಕಣ್ರೀ, ಕಮ್ಮಿ ಮಾಡ್ಕೊಡ್ತೀನಿ" ಅನ್ನುತ್ತಿದ್ದರು. ಕಮ್ಮಿ ಮಾತ್ರ ಮಾಡುತ್ತಿರಲಿಲ್ಲ. ಅವರ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ. ನಮ್ಮ ಬೀದಿಗೆಲ್ಲ ಅವರು ಸ್ವೆಟರಕ್ಕ.

ಆ ವರ್ಷಗಳಲ್ಲಿ ನಮ್ಮ ಕಡೆಯ ಮದುವೆ ಆಲ್ಬಮ್ಮುಗಳಿಗೆ ಹಿಮದ ಹುಚ್ಚು ಹಿಡಿದಿತ್ತು. ಹುಡುಗ ಪಿರಿಯಾಪಟ್ಟಣ, ಹುಡುಗಿ ಕೆ.ಆರ್. ನಗರ, ಹಿಂದೆ ಕಾಶ್ಮೀರ. ಕಂಪ್ಯೂಟರಿನಲ್ಲಿ ಬಿಳಿ ಚುಕ್ಕಿ ಉದುರಿಸಿ ಕೊಟ್ಟರೆ ಎಲ್ಲರಿಗೂ ಖುಷಿ. ಅಷ್ಟು ಹಿಮದಲ್ಲಿ ಹುಡುಗಿ ತೆಳು ಸೀರೆಯುಟ್ಟು ಹೇಗೆ ನಗುತ್ತಾಳೆಂದು ಯಾವ ಬೀಗರೂ ಕೇಳಿದ್ದಿಲ್ಲ. ಷೋಕೇಸಿನಲ್ಲಿದ್ದ ಅಂಥದ್ದೊಂದು ಫೋಟೋವನ್ನು ದಿನಾ ನೋಡುತ್ತಿದ್ದ ಸ್ವೆಟರಕ್ಕ ಒಂದು ಮಧ್ಯಾಹ್ನ ಸೀದಾ ಒಳಗೆ ಬಂದರು.

"ಅಣ್ಣ, ನಂಗೂ ಒಂದು ಮಾಡ್ಕೊಡಿ. ನಾನು ನಮ್ಮೂರಲ್ಲಿ ನಿಂತಿರಂಗೆ. ಮಂಜು ಬೀಳ್ತಿರ್ಬೇಕು."

"ನಿಮ್ಮ ಕ್ಯಾಂಪಲ್ಲಿ ಎಲ್ಲಕ್ಕ ಅಂಥ ಮಂಜು?" ಎಂದು ಕಾಲೆಳೆದೆ.

"ಕ್ಯಾಂಪಲ್ಲ ಕಣಣ್ಣ. ಅಮ್ಮನ ಊರು."

ಅವರ ತಾಯಿ ಹರೆಯದಲ್ಲಿ ಟಿಬೆಟ್ಟಿನಿಂದ ಬೆಟ್ಟ ದಾಟಿ ನಡೆದು ಬಂದವರಂತೆ. ಈಗ ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ, ಕಣ್ಣೂ ಮಂದವಾಗಿತ್ತು. ಬೆಳಿಗ್ಗೆ ಜೋಳದ ಹೊಲದ ಮೇಲೆ ಇಬ್ಬನಿ ಕವಿದರೆ ಕಿಟಕಿಯಲ್ಲಿ ನೋಡಿ, ಹಿಮ ಬಿದ್ದಿದೆ ಎಂದು ಸಂಭ್ರಮಪಡುತ್ತಿದ್ದರಂತೆ. ಬಿಸಿಲೇರಿ ಅದು ಕರಗಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರಂತೆ. ಮಧ್ಯಾಹ್ನವೂ ಅಮ್ಮನಿಗೆ ಹಿಮ ಕಾಣಬೇಕು, ಅದರೊಳಗೆ ತಾನೂ ಇರಬೇಕು. ಇಷ್ಟೇ ಮಗಳ ಆಸೆ.

ನಾನು ಅಕ್ಕನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಯಾವತ್ತಿನಂತೆ ಚುಕ್ಕಿ ಉದುರಿಸಿ ತೋರಿಸಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೇನಣ್ಣ, ಅಕ್ಕಿ ಹಿಟ್ಟು ಜರಡಿ ಹಿಡ್ದಂಗದೆ! ಅದು ನೆಟ್ಟಗೆ ಬೀಳಾಕಿಲ್ವಂತೆ."

ಹಿಮವನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಕಂಡಿದ್ದವರು ಆ ಅಜ್ಜಿ ಒಬ್ಬರೇ. ಅಕ್ಕ ಸಂಜೆ ಮನೆಗೆ ಹೋಗಿ ಸುಮ್ಮನೆ ಕೇಳುವವರ ಹಾಗೆ ಕೇಳುವುದು, ಬೆಳಿಗ್ಗೆ ಬಂದು ನನಗೆ ಹೇಳುವುದು. ಗಾಳಿ ಇದ್ದರೆ ಅದು ಓರೆಯಾಗಿ ಬೀಳುತ್ತದಂತೆ. ದೂರದ್ದು ದೂಳಿನಷ್ಟು ಸಣ್ಣ, ಕಣ್ಣ ಹತ್ತಿರದ್ದು ದಪ್ಪ, ಅದರ ಅಂಚು ಸರಿಯಾಗಿ ಕಾಣುವುದೇ ಇಲ್ಲವಂತೆ. ಹೆಗಲ ಮೇಲೆ, ಕೂದಲ ಮೇಲೆ ಕೂತದ್ದು ತಕ್ಷಣ ಕರಗುವುದಿಲ್ಲವಂತೆ. ನಾನು ಒಂದು ಲೇಯರಿನಲ್ಲಿ ದೂರದ ಹಿಮ, ಇನ್ನೊಂದರಲ್ಲಿ ನಡುವಿನದು, ಮೇಲಿನದರಲ್ಲಿ ಮಸುಕು ಮಸುಕಾದ ದಪ್ಪ ಹಿಮ ಹಾಕಿದೆ. ಎಲ್ಲವನ್ನೂ ಗಾಳಿಗೆ ವಾಲಿಸಿದೆ. ಮುಖದ ಮೇಲಿನದನ್ನು ಒರೆಸಿ, ಬೆಳಕು ತಗ್ಗಿಸಿ, ಮೂಗಿನ ತುದಿಗೆ ಸ್ವಲ್ಪ ಕೆಂಪು ಕೊಟ್ಟೆ.

ಹಿಂದೆ ನಿಲ್ಲಿಸಲು ಒಂದು ಮನೆ ಬೇಕಿತ್ತು. ದಪ್ಪ ಗೋಡೆ, ಸಣ್ಣ ಕಿಟಕಿ, ಚಪ್ಪಟೆ ಮಾಳಿಗೆ ಎಂದು ಅಜ್ಜಿಯ ವರದಿ ಬಂದಿತ್ತು. ನನ್ನ ಹತ್ತಿರ ಅಂಥದ್ದೆಲ್ಲಿಂದ ಬರಬೇಕು? ಹನಗೋಡಿನ ಹತ್ತಿರ ನಮ್ಮ ಜಮೀನಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿತ್ತು. ಎತ್ತರದ ಗೋಡೆ, ಗಾಳಿಯಾಡಲು ಸಣ್ಣ ಸಣ್ಣ ಕಿಂಡಿ. ಅದರ ಫೋಟೋ ತೆಗೆದು, ಹೆಂಚು ಕತ್ತರಿಸಿ, ಮಾಳಿಗೆ ಚಪ್ಪಟೆ ಮಾಡಿ, ಅರ್ಧ ಮುಚ್ಚುವಷ್ಟು ಹಿಮ ಸುರಿದೆ.

"ಒಗೆಸೊಪ್ಪಿನ ಬ್ಯಾರನ್ನಾ!" ಅಕ್ಕನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಮ್ಮಂಗೆ ಗೊತ್ತಾದ್ರೆ ನಂಗೆ ಒದೆ ಬೀಳ್ತದೆ."

ಫ್ರೇಮು ಹಾಕಿಸಿಕೊಂಡು ಹೋದರು. ಹೇಳಿಕೊಳ್ಳಬಾರದು, ನನ್ನ ಕೈಯಿಂದ ಅಂಥ ಕೆಲಸ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ನನಗೇ ಮೈ ನಡುಗಿದ ಹಾಗಾಗುತ್ತಿತ್ತು.

ಆಮೇಲೆ ಕೆಲವು ದಿನ ಗೋಡೆಗೆ ಹಗ್ಗ ಕಟ್ಟಲಿಲ್ಲ. ಬಂದಾಗ ಅಕ್ಕನ ಮುಖದಲ್ಲಿ ನಗುವಿರಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

"ಯಾವಾಗ್ ಓಗಿದ್ದೆ ಅಂತದೆ ಕಣಣ್ಣ ಅಮ್ಮ. ನಂಗೊಂದು ಮಾತು ಯೋಳ್ದೆ ಊರ್ಗೆ ಓಗ್ಬಂದ್ಯಾ ಅಂತದೆ. ಕಂಪ್ಯೂಟರಲ್ಲಿ ಮಾಡಿದ್ದು ಅಂದ್ರೆ ನಂಬಾಕಿಲ್ಲ. ಇದು ನಮ್ಮನೆ, ಕಿಟಕಿ ಗುರ್ತು ಸಿಕ್ತದೆ ಅಂತದೆ."

ನನಗೆ ಮೊದಲು ನಗು ಬಂತು, ಜೊತೆಗೆ ಸ್ವಲ್ಪ ಜಂಬವೂ ಬಂತು. ಮುಂದಿನದನ್ನು ಕೇಳಿದ ಮೇಲೆ ಎರಡೂ ಇಳಿದವು.

"ಅಲ್ಲಿಗಂಟ ಓದವ್ಳು ತಿರ್ಗಿ ಯಾಕ್ ಬಂದೆ ಅಂತದೆ. ನಾನು ಬದ್ಕಿದೀನಿ ಅಂತ ತಾನೇ ಬಂದೆ, ನಿನ್ ಕಾಲಿಗೆ ನಾನೇ ತೊಡರು ಅಂತದೆ. ಊಟ ಮುಟ್ತಿಲ್ಲ ಅಣ್ಣ."

ನಾನು ಮೂಲ ಫೋಟೋದ ಪ್ರಿಂಟ್ ತೆಗೆದೆ. ಅದೇ ಉಡುಪು, ಅದೇ ನಗು, ಹಿಂದೆ ನನ್ನ ಸ್ಟುಡಿಯೋದ ನೀಲಿ ಪರದೆ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ ಎಂಥವರಿಗೂ ಅರ್ಥವಾಗುತ್ತದೆ ಎಂದುಕೊಂಡೆ. ಬಾಗಿಲೆಳೆದು, ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕ್ಯಾಂಪಿಗೆ ಹೋದೆ.

ಅಜ್ಜಿ ಕಂಬಳಿ ಹೊದ್ದು ಮಲಗಿದ್ದರು. ಹಿಮದ ಫೋಟೋ ಎದೆಯ ಮೇಲಿತ್ತು. ನಾನು ಕೊಟ್ಟ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಫ್ರೇಮಿನದನ್ನೂ ನೋಡಿದರು. ಕೊನೆಗೆ ಪ್ರಿಂಟನ್ನೇ ನನಗೆ ವಾಪಸ್ ಕೊಟ್ಟು ಅವರ ಭಾಷೆಯಲ್ಲಿ ಏನೋ ಅಂದರು. ಅಕ್ಕ ತಲೆ ತಗ್ಗಿಸಿಕೊಂಡು ಹೇಳಿದರು: "ಇದು ಸ್ಟುಡಿಯೋದಲ್ಲಿ ಮಾಡಿರೋ ಸುಳ್ಳು ಫೋಟೋ ಅಂತದೆ."

ಆಮೇಲೆ ಅಜ್ಜಿ ಮಗಳ ಕೈ ಹಿಡಿದು ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದರು. ಬತ್ತಿದ ಮುಖ ಇದ್ದಕ್ಕಿದ್ದಂತೆ ಬೆಳಗಿತ್ತು. ಏನಂತೆ ಎಂದೆ.

"ತುಂಬ ಚಳಿ ಇತ್ತಾ ಅಂತ ಕೇಳ್ತದೆ."

ಇಲ್ಲ ಅನ್ನಲಿಕ್ಕೆಂದೇ ನಾವು ಬಂದಿದ್ದೆವು. ಅಕ್ಕ ಮಂಚದ ಅಂಚಿಗೆ ಕೂತು ಮಾತಾಡತೊಡಗಿದರು. ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ಕೈ ಓಡುತ್ತಿದ್ದ ರೀತಿಯಲ್ಲೇ ಎಲ್ಲ ತಿಳಿಯಿತು. ಗಾಳಿಗೆ ಓರೆಯಾಗಿ ಬೀಳುವುದು, ಕಣ್ಣ ಹತ್ತಿರದ ದಪ್ಪ ಹಿಮ, ಹೆಗಲ ಮೇಲಿನದನ್ನು ಕೊಡವುವುದು... ಅಮ್ಮ ಹೇಳಿದ್ದನ್ನೇ ಅಮ್ಮನಿಗೆ ಹೇಳುತ್ತಿದ್ದರು. ಅಜ್ಜಿ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ನಾನು ಎದ್ದು ಬಂದು ಹೊರಗೆ ಮೆಟ್ಟಿಲ ಮೇಲೆ ಕೂತೆ. ಅವತ್ತು ಅಜ್ಜಿ ಒಂದು ಬಟ್ಟಲು ಗಂಜಿ ಕುಡಿದರಂತೆ.

ಬೈಕಿನವರೆಗೂ ಬಂದ ಅಕ್ಕ, ನಾನು ಕೇಳದಿದ್ದರೂ ಹೇಳಿದರು. "ಏನ್ ಮಾಡ್ಲಿ ಅಣ್ಣ... ಉಟ್ದಾಗಿಂದ ಅಲ್ಲಿ ಎಂಗಿತ್ತಮ್ಮ, ಎಂಗಿತ್ತಮ್ಮ ಅಂತ ನಾನೇ ಕೇಳ್ಕಂಡ್ ಬಂದೆ. ಇವತ್ತು ಅಮ್ಮ ನನ್ನ ಕೇಳ್ತು."

ಶಿವರಾತ್ರಿಗೆ ಮುಂಚೆ ಅಜ್ಜಿ ತೀರಿಕೊಂಡರು. ಉಳಿದ ಮಾಲು ಕಟ್ಟಲು ಬಂದಿದ್ದ ಅಕ್ಕ ಸ್ಟುಡಿಯೋಗೆ ಬಂದು, ಅಮ್ಮನ ಕೊನೆಯ ಮಾತೇನೆಂದು ಹೇಳಿದರು. ನೀನು ನನಗೋಸ್ಕರ ವಾಪಸ್ ಬಂದೆ, ಇನ್ನು ನಿನ್ನನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ, ಮನೆ ಹಾಗೇ ಇದೆಯಲ್ಲ, ಹೋಗು ಅಂದರಂತೆ.

"ಎಲ್ಲಿಗೆ ಓಗ್ಲಿ ಅಣ್ಣ? ನಿಮ್ ಬ್ಯಾರನ್ಗಾ?"

ಹೇಳುತ್ತಾ ನಕ್ಕರು. ನಗು ಅರ್ಧದಲ್ಲೇ ಅಳುವಾಯಿತು. ನಾನು ಕೌಂಟರಿನ ಗಾಜು ಒರೆಸುತ್ತಾ ನಿಂತಿದ್ದೆ.

ಮುಂದಿನ ಚಳಿಗಾಲ ಆ ಗೋಡೆಗೆ ಯಾರೂ ಹಗ್ಗ ಕಟ್ಟಲಿಲ್ಲ. ಉತ್ತರದ ಕಡೆ ನೆಂಟರ ಹತ್ತಿರ ಹೋದರೆಂದು ಯಾರೋ ಅಂದರು. ಕ್ಯಾಂಪಿಗೆ ಹೋಗಿ ವಿಚಾರಿಸಲು ನನಗೆ ಮುಖವಿರಲಿಲ್ಲ. ಮೊದಲು ಮಾಡಿದ ಆ ಹಿಟ್ಟಿನ ಹಿಮವನ್ನೇ ಒಯ್ದಿದ್ದರೆ ಅಜ್ಜಿಯೂ ನಕ್ಕುಬಿಡುತ್ತಿದ್ದರೇನೋ. ಮಗಳು ಒಂದು ದಿನವೂ ಪಕ್ಕ ಬಿಟ್ಟು ಹೋಗಿಲ್ಲ ಎಂಬ ಸಮಾಧಾನದಲ್ಲಿ ಹೋಗುತ್ತಿದ್ದರೇನೋ. ಮಗಳಿಗೆ ಭಾರವಾದೆ ಎಂದುಕೊಂಡೇ ಹೋದರಲ್ಲ.

ಈಗ ಹಿಮ ಬೇಕೆಂದು ನನ್ನ ಹತ್ತಿರ ಯಾರೂ ಬರುವುದಿಲ್ಲ. ಮೊಬೈಲಿನಲ್ಲಿ ಬೆರಳೊತ್ತಿದರೆ ಬೀಳುತ್ತದೆ, ಒಳ್ಳೆಯದೇ ಆಯಿತು. ನಾವು ಹೊಗೆಸೊಪ್ಪು ಹಾಕುವುದನ್ನೂ ಬಿಟ್ಟೆವು. ಬ್ಯಾರನ್ನಿನಲ್ಲಿ ಈಗ ಹುಲ್ಲು ತುಂಬಿದ್ದೇವೆ. ಜಮೀನಿಗೆ ಹೋದಾಗಲೆಲ್ಲ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಬ್ಬ ತಾಯಿ ಮಗಳಿಗೆ ಹೋಗು ಎಂದದ್ದು ಈ ಮನೆಗೇ ತಾನೆ. ಹುಲ್ಲು ಕದಿಯುತ್ತಾರೆ, ಬಾಗಿಲಿಗೆ ಬೀಗ ಹಾಕು ಎಂದು ನನ್ನ ತಮ್ಮ ಸಿಕ್ಕಾಗಲೆಲ್ಲ ಬೈಯುತ್ತಾನೆ. ಅಕ್ಕ ಬರುವುದಿಲ್ಲವೆಂದು ನನಗೂ ಗೊತ್ತು. ಬೀಗ ಮಾತ್ರ ಇನ್ನೂ ಹಾಕಿಲ್ಲ.