ಮುಖ ಕಾಣದ ಡಾಕ್ಟರು

ಇದೆಲ್ಲ ಹೀಗೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ನೆನಪನ್ನು ಸಾಕ್ಷಿಯೆಂದು ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ನೆನಪಿಗೂ ಅದೇ ನಿಯಮ. ಆದರೆ ಹೋದ ವಾರ ನ್ಯಾಮತಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಅಂಗಡಿಯಿಂದ ಮೋಟಾರಿಗೆ ಹಚ್ಚುವ ವಾರ್ನಿಷಿನ ವಾಸನೆ ಬಂತು. ಕಾದ ತಾಮ್ರದ ಜೊತೆ ಸೇರಿ ಗಂಟಲು ಹಿಡಿಯುವ ವಾಸನೆ. ಬಂದ ಬಸ್ಸನ್ನು ಬಿಟ್ಟು ಅಲ್ಲೇ ನಿಂತೆ...

ಸೂಳೆಕೆರೆ ಕಡೆಯ ನಮ್ಮೂರಿನಲ್ಲಿ ಎದುರುಮನೆಯವನು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಕಟ್ಟುತ್ತಿದ್ದ. ಊರಿಗೆಲ್ಲ ಮೋಟ್ರಣ್ಣ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಬೇರಿಂಗ್ ಹೋಗಿದೆಯೋ ಇಲ್ಲವೋ ಬಿಚ್ಚದೆಯೇ ಹೇಳುತ್ತಿದ್ದ. ಹೊನ್ನಾಳಿಯಿಂದಲೂ ಮೋಟಾರು ತರುತ್ತಿದ್ದರು. ಹಾಗಾಗಿಯೇ ಇರಬೇಕು, ಅವನು ಓಡದೆ ನಿಂತ ಮೋಟಾರಿನೆದುರೂ ಕಿವಿಗೊಟ್ಟು ಕೂರತೊಡಗಿದ್ದು ನಮಗೆ ತಡವಾಗಿ ಗೊತ್ತಾಯಿತು. ಯಾರೋ ಬೈಯುತ್ತಾರೆ, ಮನೆ ಬಿಟ್ಟು ಹೋಗು ಅನ್ನುತ್ತಾರೆ ಎಂದು ಹೆಂಡತಿಗೆ ಹೇಳಿದ್ದನಂತೆ.

ಮೊದಲು ಮನೋರೋಗದ ಡಾಕ್ಟರು ತಿಂಗಳಿಗೊಮ್ಮೆ ಊರಿನ ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದರು. ಮೋಟ್ರಣ್ಣ ಅವರೆದುರು ಅರ್ಧ ಗಂಟೆ ಕೂತು ಬರುತ್ತಿದ್ದ, ಮಾತ್ರೆ ನುಂಗುತ್ತಿದ್ದ, ದನಿಗಳು ತಗ್ಗಿದ್ದವು. ಆಮೇಲೆ ಡಾಕ್ಟರು ಬರುವುದು ನಿಂತು, ಫೋನಿನಲ್ಲೇ ನೋಡುವ ವ್ಯವಸ್ಥೆ ಬಂತು. ನಾನದನ್ನು ಮೆಚ್ಚಿ ಊರವರಿಗೆಲ್ಲ ವಿವರಿಸಿದ್ದೆ. ಅದು ಮಾತ್ರ ಚೆನ್ನಾಗಿ ನೆನಪಿದೆ.

ದನಿಗಳು ಮತ್ತೆ ಜೋರಾದಾಗ ಅವನ ಹೆಂಡತಿ, ನಾನು ಅತ್ತಿಗೆ ಅನ್ನುತ್ತಿದ್ದವರು, ನನ್ನನ್ನು ಕರೆದರು.

"ನೀನು ಓದಿದೋನು, ಡಾಕ್ಟ್ರ ಜೊತಿಗೆ ಮಾತಾಡಾಕೆ ಬರ್ತೈತೆ. ಮಾತ್ರೆ ಬದಲು ಮಾಡಿಸ್ಕೆಂಡು ಬಾರಪ್ಪ. ಹಿಂಗೇ ಬಿಟ್ರೆ ಒಂದಿನ ಎದ್ದು ಹೋಗಿಬಿಡ್ತಾರೆ."

ಮೋಟ್ರಣ್ಣನನ್ನು ಕರೆದುಕೊಂಡು ಹೋದೆ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಚಿತ್ರ ತುಂಡುತುಂಡಾಗಿ ಬಂತು. ವಿಡಿಯೊ ಆಫ್ ಮಾಡಿದರೆ ಮಾತು ಸರಿಯಾಗಿ ಕೇಳುತ್ತದೆ ಎಂದರು ಯಾರೋ. ನರ್ಸ್ ಇರಬಹುದು, ನಾನೂ ಇರಬಹುದು...

ಮೋಟ್ರಣ್ಣ ಫೋನನ್ನು ತಿರುಗಿಸಿ ಅದರ ಹಿಂಬದಿ ನೋಡಿದ. "ಮಖ ಎಲ್ಲೈತೆ ತಮ್ಮಾ?"

ಮುಖ ಯಾಕೆ, ಮಾತು ಕೇಳುತ್ತದಲ್ಲ ಎಂದೆ.

"ಬರೀ ಮಾತಾಡೋರು ನನಗೆ ದಿನಾ ಬಾಳ ಜನ ಸಿಗ್ತಾರೆ. ಇವ್ರು ಡಾಕ್ಟ್ರೇ ಅಂತ ಹೆಂಗೆ ನಂಬಾದು?"

ನರ್ಸ್ ನಕ್ಕರು. ನಾನೂ ನಕ್ಕೆ.

ಹೇಗಿದ್ದೀರಿ ಎಂದು ಡಾಕ್ಟರು ಕೇಳಿದರು. ನಮ್ಮ ಕಡೆ ಫೋನಿನಲ್ಲಿ ಹಾಗೆ ಕೇಳಿದರೆ, ಮನೆಯಲ್ಲಿ ಜ್ವರ ಬಂದು ಮಲಗಿದವರಿದ್ದರೂ ಮೊದಲ ಮಾತು ಆರಾಮ. ಕಷ್ಟ ಹೇಳಿಕೊಳ್ಳುವುದು ಆಮೇಲೆ, ಇನ್ನೊಮ್ಮೆ ಕೇಳಿದಾಗ. ಆ ದಿನವೂ ನಮ್ಮ ಕಡೆಯಿಂದ ಆರಾಮ ಎಂಬ ಮಾತೇ ಹೋಯಿತು. ಡಾಕ್ಟರು ಇನ್ನೊಮ್ಮೆ ಕೇಳಲಿಲ್ಲ. ಅದೇ ಮಾತ್ರೆ ಮುಂದುವರಿಸಿ ಎಂದರು, ಫೋನು ನಿಂತಿತು. ಮತ್ತೆ ಹಚ್ಚಿ ಎಂದು ನಾನು ಹಟ ಹಿಡಿಯಬಹುದಿತ್ತು. ಹೊರಗೆ ಜನ ಕಾಯುತ್ತಿದ್ದರು, ನನಗೆ ಸಂಕೋಚವಾಯಿತು.

ಹನ್ನೊಂದು ದಿನದ ಮೇಲೆ ಅವನು ಅಂಗಡಿಯ ಬಾಗಿಲು ಹಾಕದೆ ಹೊರಟುಹೋದ. ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡನೆಂದು ಯಾರೋ ಹೇಳಿದರು. ಅತ್ತಿಗೆಯೂ ನಾನೂ ಫೋಟೊ ಹಿಡಿದು ಅಲ್ಲಿ ಎರಡು ದಿನ ತಿರುಗಿದೆವು. ಇವತ್ತಿಗೂ ಸಿಕ್ಕಿಲ್ಲ. ಅತ್ತಿಗೆ ನನ್ನನ್ನು ಒಂದು ಮಾತೂ ಅಂದವರಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳುತ್ತ ಬಂದೆ: ಅವನೇ ಆರಾಮ ಅಂದುಬಿಟ್ಟ, ಡಾಕ್ಟರಾದರೂ ಏನು ಮಾಡಿಯಾರು? ಆರಾಮ ಎಂಬ ಆ ಮಾತು ನನಗೆ ಈಗಲೂ ಅವನ ದನಿಯಲ್ಲೇ ಕೇಳುತ್ತದೆ.

ನ್ಯಾಮತಿಯಿಂದ ಬಂದ ಮರುದಿನ, ಆ ದಿನ ನರ್ಸ್ ಬರೆದುಕೊಟ್ಟು ಅತ್ತಿಗೆ ಎತ್ತಿಟ್ಟಿದ್ದ ಚೀಟಿಯನ್ನು ಕೇಳಿ ಓದಿದೆ. ರೋಗಿ ಆರಾಮವಾಗಿದ್ದಾರೆ ಎಂದಿದೆ. ಅದರ ಕೆಳಗೆ, ಮಾಹಿತಿ ಕೊಟ್ಟವರು ಎಂಬಲ್ಲಿ, ನನ್ನ ಹೆಸರಿದೆ.