ಅಂಗುಳದ ಗುಡ್ಡ

ದಂತವೈದ್ಯೆ ನನ್ನ ಅಂಗುಳದ ಗಟ್ಟಿ ಉಬ್ಬನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬಿಸಿ ಗೋಳಿಬಜೆ ತಿಂದು ಸುಟ್ಟ ಜಾಗವನ್ನು ಸವರಲು ಹೋದ ನಾಲಿಗೆಯೇ ಅದನ್ನು ಪತ್ತೆಹಚ್ಚಿತ್ತು. ಕ್ಯಾನ್ಸರೆಂದು ನಾನೇ ತೀರ್ಪು ಕೊಟ್ಟು ಮೂರು ದಿನವಾಗಿತ್ತು.

“ಇದು ಗಡ್ಡೆ ಅಲ್ಲ ಮಾರಾಯ್ರೆ, ನಿಮ್ಮದೇ ಎಲುಬು. ಕೆಲವರಿಗೆ ಹೀಗೆ ಉಬ್ಬಿಕೊಂಡಿರ್ತದೆ. ಎಷ್ಟೋ ವರ್ಷದಿಂದ ಉಂಟು,” ಎಂದರು.

ಪಕ್ಕದಲ್ಲಿದ್ದ ಹೆಂಡತಿ, “ಅರವತ್ತು ವರ್ಷ ಬಾಯಿ ಮುಚ್ಚದೆ ಮಾತಾಡಿದ್ರಿ, ಒಳಗೆ ಎಂತ ಉಂಟೂಂತ ಗೊತ್ತಿಲ್ವಾ?” ಎಂದಳು.

ಆ ಮೂರು ದಿನಗಳ ಭಯದಲ್ಲಿ ಒಂದು ಪುಣ್ಯಕಾರ್ಯ ನಡೆದುಹೋಗಿತ್ತು. ಹತ್ತು ವರ್ಷಗಳಿಂದ ಮಾತು ಬಿಟ್ಟಿದ್ದ ಉಳ್ಳಾಲದ ಭಾವನಿಗೆ ಫೋನು ಮಾಡಿ ಎಲ್ಲವನ್ನೂ ಕ್ಷಮಿಸಿಬಿಟ್ಟಿದ್ದೆ. ಬದುಕುತ್ತೇನೆಂದು ತಿಳಿದ ಮೇಲೆ ಕ್ಷಮೆಯನ್ನು ಹಿಂದಕ್ಕೆ ಪಡೆಯುವುದು ಮರ್ಯಾದೆಯಲ್ಲ. ಈಗ ಅವರು ಪ್ರತಿ ಭಾನುವಾರ ಬಂಗುಡೆ ಮೀನು ಹಿಡಿದುಕೊಂಡು ಬರುತ್ತಾರೆ. ಇನ್ನೂ ಬಹಳ ವರ್ಷ ಬರುವ ಲಕ್ಷಣವಿದೆ.