ಸವೆದ ಬಾಲದ ಮೀನು

ನೆಜಾದನ ಪುಸ್ತಕದಲ್ಲಿ ಹೊಳೆಯ ಅರವತ್ತು ಚಿತ್ರಗಳಿವೆ. ಅವನಿಗೆ ಹೆಸರು ತಂದ ಚಿತ್ರ ಮಾತ್ರ ಇಲ್ಲ. ಯಾಕೆಂದು ಕೇಳಿದರೆ ಏನೋ ಹೇಳಿ ಜಾರಿಕೊಳ್ಳುತ್ತಾನೆ.

ಬೋಸ್ನಿಯಾದ ಆ ಕಣಿವೆಯಲ್ಲಿ ಕಂಪನಿಯೊಂದು ಹೊಳೆಗೆ ಅಣೆಕಟ್ಟು ಕಟ್ಟಲು ಬಂದಾಗ ಊರಿನ ಹೆಂಗಸರು ಸೇತುವೆಯ ಮೇಲೆ ಅಡ್ಡ ಕೂತರು. ನೆಜಾದ್ ಮೇಷ್ಟರ ಕೆಲಸ ಬಿಟ್ಟು ಅವರ ಜೊತೆ ಕೂತ. ಬರೆದ, ಫೋಟೊ ತೆಗೆದ. ಯಾರೂ ಕ್ಯಾರೇ ಅನ್ನಲಿಲ್ಲ. ಎಪ್ಪತ್ತೊಂದು ವರ್ಷದ ಹೈರಿಯಾ ಅಜ್ಜಿ ಮಾತ್ರ ದಿನಾ ಮೊದಲ ಕಾಫಿ ಅವನಿಗೇ ಕೊಟ್ಟು ಕಿಚಾಯಿಸುತ್ತಿದ್ದಳು: "ಮೀನಿನ ಮುಖ ನೋಡ್ತಾನೇ ಮುದುಕ ಆಗ್ತೀಯಲ್ಲೋ, ಒಂದ್ಸಲ ಹೆಣ್ಣಿನ ಮುಖಾನೂ ನೋಡೋ!"

ಒಂದು ದಿನ ಕಂಪನಿ ಪರೀಕ್ಷೆಗೆಂದು ನೀರು ತಡೆಯಿತು. ಮೀನುಗಳು ಸತ್ತವು. ಪೇಟೆಗೆ ಹೋಗಿದ್ದ ನೆಜಾದ್ ಓಡಿ ಬರುವಷ್ಟರಲ್ಲಿ ಸತ್ತ ಮೀನು ಒಂದೂ ಅಲ್ಲಿರಲಿಲ್ಲ. ಕಾಗೆಗಳು ಹೊತ್ತೊಯ್ದವು ಎಂದುಕೊಂಡ. ಸಾಕಣೆ ಕೊಳದಿಂದ ಅದೇ ಜಾತಿಯ ಐದು ಮೀನು ಕೊಂಡು ತಂದು, ಒಣಗಿದ ಕಲ್ಲುಗಳ ಮೇಲೆ ಜೋಡಿಸಿ ಫೋಟೊ ತೆಗೆದ. ಪತ್ರಿಕೆಯಲ್ಲಿ ಅಚ್ಚಾದ ಆ ಒಂದು ಚಿತ್ರಕ್ಕೆ ದೇಶವೇ ಎದ್ದು ಕೂತಿತು.

ಅಣೆಕಟ್ಟಿನ ಮೊಕದ್ದಮೆ ಕೋರ್ಟಿಗೆ ಬಂತು. ಕಂಪನಿಯ ವಕೀಲ ಅದೇ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ತಂದು, ಊರಿನ ಪರ ಸಾಕ್ಷಿಗೆ ನಿಂತ ಹೈರಿಯಾ ಅಜ್ಜಿಯ ಮುಂದಿಟ್ಟ. "ಆಣೆ ಮಾಡಿದ್ದೀರಿ ಅಜ್ಜಿ, ಹೇಳಿ. ಇದು ನಿಮ್ಮ ಹೊಳೇ ಮೀನೇನಾ?"

ಐವತ್ತು ವರ್ಷ ಹೊಳೆಯ ಮೀನು ಹಸನು ಮಾಡಿದ ಕೈ ಅವಳದು. ಬೆರಳು ನೇರ ಬಾಲದ ಮೇಲೆ ನಿಂತಿತು. ನೆಜಾದ್ ಆಗಲೇ ಅದನ್ನು ಕಂಡದ್ದು: ಸಾಕಣೆ ಕೊಳದ ಸಿಮೆಂಟಿಗೆ ಉಜ್ಜಿ ಉಜ್ಜಿ ಸವೆದ ಬಾಲ.

ಅಜ್ಜಿ ಒಮ್ಮೆ ಅವನ ಕಡೆ ನೋಡಿದಳು. "ನಮ್ಮ ಹೊಳೇದೇ" ಅಂದಳು.

ನೆಜಾದ್ ಎದ್ದು ನಿಂತು ಸತ್ಯ ಹೇಳಬೇಕಿತ್ತು. ಕೂತೇ ಇದ್ದ, ನಾಚಿಕೆಗೆಟ್ಟವನು. ಈ ಮಾತು ನನ್ನದಲ್ಲ, ಅವನೇ ತನಗೆ ಇಟ್ಟುಕೊಂಡ ಹೆಸರು.

ಹೊಳೆ ಉಳಿಯಿತು. ಸೇತುವೆಯ ಮೇಲೆ ಹೆಂಗಸರು ಹಾಡಿ ಕುಣಿದರು. ಅಜ್ಜಿ ಅಂದು ಎಲ್ಲರಿಗೂ ಕೊಟ್ಟಾದ ಮೇಲೆ ಅವನ ಮುಂದೆ ಕಾಫಿ ಇಟ್ಟಳು.

"ಅಜ್ಜಿ, ನಾನು..."

"ಆವತ್ತು ಸತ್ತ ಮೀನನ್ನೆಲ್ಲ ನಾನೇ ಆರಿಸಿ ಉಪ್ಪು ಹಾಕಿಟ್ಟಿದ್ದೆ ಕಣೋ, ಕೋರ್ಟಿಗೆ ತೋರಿಸೋಣ ಅಂತ. ಪೇಪರಲ್ಲಿ ನಿನ್ನ ಫೋಟೊ ಬಂತಲ್ಲ, ಇನ್ಯಾಕೆ ಅಂತ ಎಸೆದುಬಿಟ್ಟೆ. ಒಂದು ಮಾತು ನನ್ನ ಕೇಳಬಾರದಿತ್ತಾ?" ಎಂದಳು. "ಕುಡಿ, ಆರಿಹೋಗ್ತದೆ."